ಸಿಗರೇಟ್ ಬಿಡುವವರ ಮೊದಲ ಇ-ಸಿಗರೇಟ್: ಯಾವ ಮಾದರಿ, ಎಷ್ಟು ವೋಲ್ಟ್?

ಈ ಬರಹ ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಿಗಾಗಿ. ಅವರಲ್ಲಿಯೂ ವರ್ಷಗಟ್ಟಲೆ ಸಿಗರೇಟ್ ಸೇದಿ, ಬಿಡಲು ಹಲವು ಬಾರಿ ಪ್ರಯತ್ನಿಸಿ, ಈಗ ಇ-ಸಿಗರೇಟ್ ನೆರವಾದೀತೇ ಎಂದು ಯೋಚಿಸುತ್ತಿರುವ ವಯಸ್ಕರಿಗಾಗಿ. ಸಿಗರೇಟನ್ನು ಮುಟ್ಟಿಯೇ ನೋಡದವರಿಗೆ, ಯಾವಾಗಲೋ ಗೆಳೆಯರ ಜೊತೆ ಒಂದು ದಮ್ಮು ಎಳೆದು ಮರೆತವರಿಗೆ ಇದರಲ್ಲಿ ಏನೂ ಇಲ್ಲ, ಅವರು ಇದರ ಗೋಜಿಗೆ ಹೋಗದಿರುವುದೇ ಒಳ್ಳೆಯದು. ಇ-ಸಿಗರೇಟ್ ನಿರಪಾಯಕಾರಿಯಲ್ಲ, ಸಿಗರೇಟಿಗಿಂತ ಬಹಳ ಕಡಿಮೆ ಅಪಾಯಕಾರಿ, ಅಷ್ಟೇ. ಈ ಎರಡು ಮಾತುಗಳ ನಡುವಿನ ಅಂತರವನ್ನು ಮರೆತವರು ಒಂದೋ ಅದನ್ನು ಆಟಿಕೆಯೆಂದುಕೊಳ್ಳುತ್ತಾರೆ, ಇಲ್ಲವೇ ವಿಷವೆಂದು ದೂರವಿಟ್ಟು ಸಿಗರೇಟನ್ನೇ ಮುಂದುವರಿಸುತ್ತಾರೆ.

ಭಾರತದಲ್ಲಿರುವ ಓದುಗರು ಮೊದಲೇ ಒಂದು ಮಾತನ್ನು ತಿಳಿದಿರಬೇಕು. 2019ರ ಸೆಪ್ಟೆಂಬರ್ 18ರ ಸುಗ್ರೀವಾಜ್ಞೆಯಿಂದಲೂ, ಅದರ ಬೆನ್ನಿಗೆ ಸಂಸತ್ತು ಅಂಗೀಕರಿಸಿದ ಕಾಯ್ದೆಯಿಂದಲೂ ಭಾರತದಲ್ಲಿ ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ಸಾಗಣೆ, ದಾಸ್ತಾನು, ಜಾಹೀರಾತು ಎಲ್ಲವೂ ನಿಷಿದ್ಧವಾಗಿವೆ. ಕರ್ನಾಟಕ ಸರ್ಕಾರ ಅದಕ್ಕೂ ಮೂರು ವರ್ಷ ಮೊದಲೇ, 2016ರಲ್ಲಿ, ರಾಜ್ಯದ ಮಟ್ಟಿಗೆ ನಿಷೇಧ ಹೇರಿತ್ತು. ಆದ್ದರಿಂದ ಮುಂದೆ ಬರುವ ಸಾಧನಗಳ ವಿವರ ಬೆಂಗಳೂರಿನ ಯಾವುದೋ ಗಲ್ಲಿಯಲ್ಲಿ ಕದ್ದುಮುಚ್ಚಿ ಮಾರುವ ಮಾಲನ್ನು ಕೊಳ್ಳಲು ಕೈಪಿಡಿಯಲ್ಲ. ಅಲ್ಲಿರುವವರಿಗೆ ಬೇರೆ ದಾರಿಗಳಿವೆ, ಅವನ್ನು ಕೊನೆಯಲ್ಲಿ ಹೇಳಿದ್ದೇನೆ.

ಬ್ರಿಟನ್ನಿನ ಸ್ಥಿತಿ ಬೇರೆ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಧೂಮಪಾನ ಬಿಡುವ ಸಾಧನಗಳಲ್ಲಿ ಇ-ಸಿಗರೇಟನ್ನೂ ಒಂದಾಗಿ ಪರಿಗಣಿಸುತ್ತದೆ. ಇದಕ್ಕೆ ಆಧಾರವಾದ ಅಧ್ಯಯನಗಳಲ್ಲಿ ಹೆಚ್ಚು ಹೆಸರಾದದ್ದು 2019ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಎನ್‌ಎಚ್‌ಎಸ್‌ನ ಧೂಮಪಾನ ನಿಲುಗಡೆ ಕೇಂದ್ರಗಳಿಗೆ ಬಂದ 886 ಮಂದಿಯಲ್ಲಿ ಕೆಲವರಿಗೆ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ, ಗಮ್ ಮೊದಲಾದವನ್ನೂ ಉಳಿದವರಿಗೆ ದ್ರವ ತುಂಬಿಸಿ ಬಳಸುವ ಇ-ಸಿಗರೇಟನ್ನೂ ಕೊಟ್ಟು, ಎರಡೂ ಗುಂಪಿನವರಿಗೆ ವಾರವಾರ ಸಲಹೆ ನೀಡಲಾಯಿತು. ಒಂದು ವರ್ಷದ ಬಳಿಕ ಇ-ಸಿಗರೇಟ್ ಗುಂಪಿನ ಶೇ. 18ರಷ್ಟು ಮಂದಿ ಸಿಗರೇಟ್ ಬಿಟ್ಟಿದ್ದರು, ಇನ್ನೊಂದರಲ್ಲಿ ಶೇ. 9.9ರಷ್ಟು. ಈ ಅಂಕಿಯ ಇನ್ನೊಂದು ಮುಖವನ್ನೂ ನೋಡಬೇಕು: ಇ-ಸಿಗರೇಟ್ ಪಡೆದವರಲ್ಲಿಯೂ ನೂರಕ್ಕೆ ಎಂಬತ್ತೆರಡು ಮಂದಿಗೆ ಬಿಡಲಾಗಲಿಲ್ಲ, ಬಿಟ್ಟವರಲ್ಲಿ ಶೇ. 80ರಷ್ಟು ಮಂದಿ ವರ್ಷದ ಕೊನೆಗೂ ಇ-ಸಿಗರೇಟನ್ನು ಸೇದುತ್ತಲೇ ಇದ್ದರು. ಮಂತ್ರದಂಡವನ್ನು ನಿರೀಕ್ಷಿಸುವವರು ಇಲ್ಲಿಯೇ ನಿಂತು ಯೋಚಿಸಬಹುದು.

ಹೀಗಿದ್ದರೂ ಬಿಡಲಾಗದವರಲ್ಲಿ ಹಲವರು ಸೋಲುವುದು ಮನೋಬಲದ ಕೊರತೆಯಿಂದಲ್ಲ, ತಪ್ಪು ಸಾಧನವನ್ನು ತಪ್ಪು ಬಿಸಿಯಲ್ಲಿ, ಸಾಲದ ನಿಕೋಟಿನ್‌ನೊಂದಿಗೆ ಬಳಸುವುದರಿಂದ ಎಂಬುದು ನನ್ನ ಅನುಭವ. ಹದಿನೇಳು ವರ್ಷ ಸೇದಿದ ಮೇಲೆ ನಾನು ಕೊಂಡ ಮೊದಲ ಸಾಧನ ಅಂಗಡಿಯವನು ಹೊಗಳಿ ಕೊಟ್ಟ ದೊಡ್ಡ ಪೆಟ್ಟಿಗೆಯಾಗಿತ್ತು. ಮೊದಲ ದಮ್ಮಿಗೇ ಕೋಣೆಯ ತುಂಬ ಹಬೆ, ಗಂಟಲಲ್ಲಿ ಕೆಮ್ಮು. ಒಳಗೆ ಹಾಕಿದ್ದು 3 ಮಿಲಿಗ್ರಾಂ ದ್ರವವಾದ್ದರಿಂದ (ಅಂದರೆ ಮಿಲಿಲೀಟರ್‌ಗೆ 3 ಮಿಲಿಗ್ರಾಂ ನಿಕೋಟಿನ್) ಅಷ್ಟು ಹಬೆ ಕುಡಿದರೂ ಸಿಗರೇಟಿನ ಹಂಬಲ ತಣಿಯಲಿಲ್ಲ. ಮೂರನೆಯ ದಿನ ನಾನು ಮತ್ತೆ ಹಳೆಯ ಪ್ಯಾಕೆಟ್ಟಿಗೆ ಮರಳಿದ್ದೆ. ಎರಡು ವರ್ಷದ ನಂತರ ಬೆರಳುದ್ದದ ಸಣ್ಣ ಪಾಡ್ (ದ್ರವದ ಪುಟ್ಟ ಡಬ್ಬಿಯನ್ನು ಸಿಕ್ಕಿಸಿ ಬಳಸುವ ಸಾಧನ; ಆ ಡಬ್ಬಿಯನ್ನೂ ಪಾಡ್ ಎಂದೇ ಕರೆಯುತ್ತಾರೆ) ಒಂದರಿಂದ ಕೆಲಸ ಕೈಗೂಡಿತು. ಹೊಸಬರು ಆರಿಸಬೇಕಾದದ್ದು ಕಡಿಮೆ ಶಕ್ತಿಯ ಸಾಧನವನ್ನು ಮತ್ತು ಸಾಕಷ್ಟು ನಿಕೋಟಿನ್ ಇರುವ ದ್ರವವನ್ನು. ಬಹುಪಾಲು ಜನ ಮಾಡುವುದು ಇದಕ್ಕೆ ತದ್ವಿರುದ್ಧ.

ಒಳಗೆ ನಡೆಯುವುದೇನು

ಹಣತೆಯನ್ನು ಕಂಡವರಿಗೆ ಇ-ಸಿಗರೇಟನ್ನು ವಿವರಿಸುವುದು ಕಷ್ಟವಲ್ಲ. ಎಣ್ಣೆಯ ಜಾಗದಲ್ಲಿ ಇಲ್ಲಿ ದ್ರವವಿದೆ. ಪ್ರೊಪಿಲೀನ್ ಗ್ಲೈಕಾಲ್ ಮತ್ತು ಸಸ್ಯಜನ್ಯ ಎಣ್ಣೆಗಳಿಂದ ತೆಗೆದ ಗ್ಲಿಸರಿನ್ ಸೇರಿಸಿ, ಅದಕ್ಕೆ ನಿಕೋಟಿನ್ ಮತ್ತು ಪರಿಮಳ ಬೆರೆಸಿದ ದ್ರವ ಅದು. ಬತ್ತಿಯ ಜಾಗದಲ್ಲಿ ಹತ್ತಿಯ ತುಣುಕಿದೆ, ಅದು ದ್ರವವನ್ನು ಹೀರಿಕೊಳ್ಳುತ್ತದೆ. ಬತ್ತಿಗೆ ತಾಗಿಕೊಂಡು ಕಾಯಿಲ್ ಎಂಬ ಸಣ್ಣ ಲೋಹದ ಸುರುಳಿ ಅಥವಾ ಜಾಲರಿ ಇರುತ್ತದೆ. ಬ್ಯಾಟರಿಯಿಂದ ವಿದ್ಯುತ್ ಹರಿದಾಗ ಕಾಯಿಲ್ ಕಾಯುತ್ತದೆ, ಹತ್ತಿಯಲ್ಲಿರುವ ದ್ರವ ಹಬೆಯಾಗುತ್ತದೆ, ನಾವು ಅದನ್ನು ಎಳೆದುಕೊಳ್ಳುತ್ತೇವೆ. ಇಲ್ಲಿ ಏನೂ ಉರಿಯುವುದಿಲ್ಲ. ತಂಬಾಕಿನ ಎಲೆ ಉರಿದಾಗ ಹುಟ್ಟುವ ಟಾರ್ ಮತ್ತು ಕಾರ್ಬನ್ ಮಾನಾಕ್ಸೈಡ್ ಇದರಲ್ಲಿ ಇಲ್ಲದಿರುವುದಕ್ಕೆ ಕಾರಣವೂ ಇದೇ.

ಎಣ್ಣೆ ಆರಿದ ಹಣತೆಯಲ್ಲಿ ಬತ್ತಿಯೇ ಸುಟ್ಟು ಕಮಟು ವಾಸನೆ ಬರುವಂತೆ, ಹತ್ತಿಯಲ್ಲಿ ದ್ರವ ಸಾಲದಿದ್ದಾಗ ಅಥವಾ ದ್ರವ ಏರಿಬರುವ ವೇಗಕ್ಕಿಂತ ಕಾಯಿಲ್‌ನ ಕಾವು ಹೆಚ್ಚಾದಾಗ ಹತ್ತಿ ಸೀಯುತ್ತದೆ. ಸೀದ ರುಚಿ ಬಂದರೆ ಅದು ಸಾಧನ ಕೊಡುವ ಎಚ್ಚರಿಕೆ. ಸ್ನಾನದ ನೀರಿಗೆಂದು ಬಕೆಟ್ಟಿಗಿಳಿಸುವ ಹೀಟರ್ ಕಾಯಿಲನ್ನು ನೀರಿಲ್ಲದೆ ಉರಿಸಿದರೆ ಏನಾಗುತ್ತದೆಂದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು, ಇದೂ ಅದೇ.

ವೋಲ್ಟ್, ಓಮ್, ವ್ಯಾಟ್

ಹೊಸಬರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ‘ಎಷ್ಟು ವೋಲ್ಟ್‌ಗೆ ಇಡಬೇಕು’ ಎಂಬುದು. ಈ ಪ್ರಶ್ನೆಗೆ ಒಂಟಿಯಾಗಿ ಉತ್ತರವಿಲ್ಲ, ಏಕೆಂದರೆ ಕಾಯಿಲ್ ಎಷ್ಟು ಕಾಯುತ್ತದೆ ಎಂಬುದು ವೋಲ್ಟೇಜ್ ಮತ್ತು ಕಾಯಿಲ್‌ನ ರೋಧ (ವಿದ್ಯುತ್ತಿಗೆ ಅದು ಒಡ್ಡುವ ತಡೆ, ಅದರ ಅಳತೆ ಓಮ್) ಎರಡನ್ನೂ ಅವಲಂಬಿಸಿದೆ. ಪ್ರೌಢಶಾಲೆಯ ವಿಜ್ಞಾನದ ಪುಸ್ತಕದಲ್ಲಿ ಓದಿದ ಓಮ್‌ನ ನಿಯಮ ಇಲ್ಲಿ ಉಪಯೋಗಕ್ಕೆ ಬರುತ್ತದೆ: ವೋಲ್ಟನ್ನು ವೋಲ್ಟ್‌ನಿಂದಲೇ ಗುಣಿಸಿ, ಬಂದ ಮೊತ್ತವನ್ನು ಓಮ್‌ನಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. ಕಾವನ್ನು ತೋರಿಸುವ ಅಂಕಿ ಈ ವ್ಯಾಟ್.

ಲೆಕ್ಕ ಹಾಕಿ ನೋಡೋಣ. 3.7 ವೋಲ್ಟ್‌ನಲ್ಲಿ 1.2 ಓಮ್‌ನ ಕಾಯಿಲ್ ಸುಮಾರು 11.4 ವ್ಯಾಟ್ ಶಕ್ತಿಯನ್ನು ಬಳಸುತ್ತದೆ. ಅದೇ 3.7 ವೋಲ್ಟ್‌ನಲ್ಲಿ 0.8 ಓಮ್‌ನ ಕಾಯಿಲ್ 17 ವ್ಯಾಟ್ ದಾಟುತ್ತದೆ, 0.6 ಓಮ್‌ನದು 22.8 ವ್ಯಾಟ್‌ಗೆ ಏರುತ್ತದೆ. ವೋಲ್ಟ್ ಬದಲಾಗದಿದ್ದರೂ ಕಾವು ಇಮ್ಮಡಿಯಾಯಿತು. ಓಮ್ ಕಡಿಮೆಯಾದಷ್ಟು ಬಿಸಿ ಹೆಚ್ಚು ಎಂಬ ಈ ಸಂಗತಿ ಅನೇಕರಿಗೆ ತಿರುವುಮುರುವಾಗಿ ಕಾಣುತ್ತದೆ, ಏಕೆಂದರೆ ಪೆಟ್ಟಿಗೆಯ ಮೇಲಿನ ಸಣ್ಣ ಅಂಕಿಯನ್ನು ನಾವು ಸಣ್ಣ ಶಕ್ತಿಯೆಂದೇ ಓದುತ್ತೇವೆ.

ವೋಲ್ಟನ್ನು ತಿರುಗಿಸಿ ಬದಲಿಸುವ ಪೆನ್ನಿನಾಕಾರದ ಬ್ಯಾಟರಿಗಳ ಕಾಲದಲ್ಲಿ ಈ ಲೆಕ್ಕ ಬಾಯಿಪಾಠವಾಗಿರಬೇಕಿತ್ತು. ತಳದ ಗುಬ್ಬಿಯನ್ನು ತಿರುವಿದರೆ ಸುಮಾರು 3.3ರಿಂದ 4.8 ವೋಲ್ಟ್‌ವರೆಗೆ ಏರುವ ಆ ಬ್ಯಾಟರಿಗಳು ಈಗಲೂ ಸಿಗುತ್ತವೆ. ಅದಕ್ಕೆ 1.8 ಓಮ್‌ನ ಕಾಯಿಲ್ ಜೋಡಿಸಿದರೆ 3.3 ವೋಲ್ಟ್‌ನಲ್ಲಿ 6 ವ್ಯಾಟ್, 4 ವೋಲ್ಟ್‌ನಲ್ಲಿ ಸುಮಾರು 9 ವ್ಯಾಟ್, 4.8 ವೋಲ್ಟ್‌ನಲ್ಲಿ 12.8 ವ್ಯಾಟ್ ಬರುತ್ತದೆ. ಅಂದರೆ ಒಂದೂವರೆ ವೋಲ್ಟ್ ಏರಿಸಿದರೆ ಕಾವು ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಆದ್ದರಿಂದ ಇಂಥ ಬ್ಯಾಟರಿಯನ್ನು ಕೊಂಡವರು ಯಾವಾಗಲೂ ಕೆಳಗಿನ ತುದಿಯಿಂದ ಆರಂಭಿಸಿ, ಹಬೆ ತೀರಾ ತೆಳುವೆನಿಸಿದರೆ 0.2 ವೋಲ್ಟ್‌ನಂತೆ ಏರಿಸುತ್ತ, ಐದಾರು ದಮ್ಮು ಎಳೆದು ನೋಡುತ್ತ ಹೋಗಬೇಕು. ಹದ ಸಿಕ್ಕಿದಲ್ಲಿ ನಿಲ್ಲಿಸಬೇಕು. ಗಂಟಲು ಉರಿದರೆ, ಹಬೆ ಬಾಯಿಗೆ ಬಿಸಿಯೆನಿಸಿದರೆ, ರುಚಿಯಲ್ಲಿ ಸೀದ ಎಳೆ ಕಂಡರೆ ಒಂದು ಮೆಟ್ಟಿಲು ಕೆಳಗಿಳಿಯಬೇಕು.

ಕೆಳಗಿನಿಂದ ಆರಂಭಿಸಿ ಎನ್ನುವುದಕ್ಕೆ ರುಚಿಯಷ್ಟೇ ಕಾರಣವಲ್ಲ. 2015ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಒಂದೇ ಸಾಧನವನ್ನು ಎರಡು ವೋಲ್ಟೇಜ್‌ಗಳಲ್ಲಿ ಪರೀಕ್ಷಿಸಿದರು. 3.3 ವೋಲ್ಟ್‌ನಲ್ಲಿ ಕ್ಯಾನ್ಸರ್‌ಕಾರಕವಾದ ಫಾರ್ಮಾಲ್ಡಿಹೈಡನ್ನು ಬಿಡುಗಡೆ ಮಾಡುವ ಸಂಯುಕ್ತಗಳು ಪತ್ತೆಯಾಗಲಿಲ್ಲ, 5 ವೋಲ್ಟ್‌ನಲ್ಲಿ ಗಣನೀಯ ಪ್ರಮಾಣದಲ್ಲಿ ಪತ್ತೆಯಾದವು. ಅಷ್ಟು ಕಾವಿನಲ್ಲಿ ಬರುವ ಸೀದ ರುಚಿಯನ್ನು ಮನುಷ್ಯರಾರೂ ಸಹಿಸಿಕೊಂಡು ಸೇದುವುದಿಲ್ಲ, ಯಂತ್ರವಾದ್ದರಿಂದ ಎಳೆಯಿತು ಎಂದು ಇತರ ಸಂಶೋಧಕರು ಆಕ್ಷೇಪಿಸಿದರು, ಆ ಆಕ್ಷೇಪದಲ್ಲಿ ಹುರುಳಿದೆ. ಆದರೆ ವಾದದ ಎರಡೂ ಬದಿಯವರು ಒಪ್ಪುವ ಮಾತೊಂದಿದೆ: ದ್ರವವನ್ನು ಅತಿಯಾಗಿ ಕಾಯಿಸಿದರೆ ಅದು ಒಡೆದು ಬೇಡದ ವಸ್ತುಗಳಾಗುತ್ತದೆ. ಸೀದ ರುಚಿಯನ್ನು ನುಂಗಿಕೊಂಡು ಮುಂದುವರಿಯಬಾರದೆಂಬುದಕ್ಕೆ ಅಷ್ಟು ಸಾಕು.

ಇಂದಿನ ಸಣ್ಣ ಪಾಡ್‌ಗಳಲ್ಲಿ ವೋಲ್ಟ್ ಬದಲಿಸುವ ಗುಬ್ಬಿಯೇ ಇರುವುದಿಲ್ಲ. ಒಳಗಿನ ಚಿಪ್ ಕಾಯಿಲ್‌ನ ರೋಧವನ್ನು ತಾನೇ ಅಳೆದು ತಕ್ಕ ಶಕ್ತಿ ಕೊಡುತ್ತದೆ. ಉದಾಹರಣೆಗೆ 0.8 ಓಮ್‌ನ ಪಾಡ್‌ಗೆ 15 ವ್ಯಾಟ್ ಕೊಡಬೇಕಾದರೆ ಅದು ಸುಮಾರು 3.5 ವೋಲ್ಟ್ ಹರಿಸುತ್ತದೆ. ಹೊಸಬರಿಗೆ ಇದೇ ಹಿತ. ಆದರೆ ಅಗ್ಗದ ಕೆಲವು ಸಾಧನಗಳಲ್ಲಿ ಬ್ಯಾಟರಿಯ ವೋಲ್ಟೇಜ್ ನೇರವಾಗಿ ಕಾಯಿಲ್‌ಗೆ ಹೋಗುತ್ತದೆ. ಲಿಥಿಯಂ ಬ್ಯಾಟರಿ ಪೂರ್ತಿ ತುಂಬಿದಾಗ 4.2 ವೋಲ್ಟ್ ಇದ್ದು, ಬರಿದಾಗುತ್ತ 3.3ರ ಆಸುಪಾಸಿಗೆ ಇಳಿಯುವುದರಿಂದ, 1.2 ಓಮ್‌ನ ಕಾಯಿಲ್ ಬೆಳಿಗ್ಗೆ 14.7 ವ್ಯಾಟ್‌ನಲ್ಲಿಯೂ ಸಂಜೆ 9 ವ್ಯಾಟ್‌ನಲ್ಲಿಯೂ ಕೆಲಸ ಮಾಡುತ್ತದೆ. ಸಂಜೆಯ ಹೊತ್ತಿಗೆ ಇದರಲ್ಲಿ ದಮ್ಮೇ ಇಲ್ಲ ಎಂದು ಸಿಗರೇಟಿಗೆ ಮರಳುವವರು ಬ್ಯಾಟರಿಯನ್ನು ಒಮ್ಮೆ ತುಂಬಿಸಿ ನೋಡುವುದು ಲೇಸು.

ಮಾದರಿಗಳ ಹೋಲಿಕೆ

ಒಮ್ಮೆ ಬಳಸಿ ಎಸೆಯುವ ಸಾಧನಗಳನ್ನು ಬ್ರಿಟನ್ನಿನಲ್ಲಿ 2025ರ ಜೂನ್ 1ರಿಂದ ನಿಷೇಧಿಸಲಾಗಿದೆ, ಅವುಗಳ ಮಾತು ಮುಗಿಯಿತು. ಇನ್ನೂ ಯಾರಾದರೂ ಮಾರುತ್ತಿದ್ದರೆ ಆ ಅಂಗಡಿಯ ಬೇರೆ ಮಾಲನ್ನೂ ನಂಬಬೇಡಿ.

ಅವುಗಳ ಜಾಗಕ್ಕೆ ಬಂದಿರುವುದು ದ್ರವ ತುಂಬಿಯೇ ಬರುವ ಪಾಡ್‌ಗಳು. ಬ್ಯಾಟರಿಯನ್ನು ಮತ್ತೆ ಮತ್ತೆ ಚಾರ್ಜ್ ಮಾಡಬಹುದು, ದ್ರವ ಮುಗಿದಾಗ ಪಾಡನ್ನು ಕಿತ್ತು ಹೊಸದನ್ನು ಸಿಕ್ಕಿಸಬೇಕು. ತುಂಬಿಸುವ, ಚೆಲ್ಲುವ, ಕಾಯಿಲ್ ಬದಲಿಸುವ ಯಾವ ತಾಪತ್ರಯವೂ ಇಲ್ಲ. ಕಣ್ಣು ಮಂಜಾದ ಹಿರಿಯರಿಗೆ, ಕೈ ನಡುಗುವವರಿಗೆ, ಯಂತ್ರವೆಂದರೆ ಬೇಸರಪಡುವವರಿಗೆ ನಾನು ಇದನ್ನೇ ಸೂಚಿಸುತ್ತೇನೆ. ದೋಷವೆಂದರೆ ಖರ್ಚು ಹೆಚ್ಚು, ಆ ಕಂಪನಿಯ ಪಾಡ್ ಬಿಟ್ಟು ಬೇರೆಯದು ಸೇರುವುದಿಲ್ಲ, ನಿಕೋಟಿನ್ ಪ್ರಮಾಣವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಲು ಆಯ್ಕೆಗಳು ಕಡಿಮೆ.

ಎರಡನೆಯದು ನಾವೇ ದ್ರವ ತುಂಬಿಸುವ ಪಾಡ್. ಹೆಚ್ಚಿನ ಹೊಸಬರಿಗೆ ಸರಿಹೊಂದುವ ಮಾದರಿ ಇದೆಂಬುದು ನನ್ನ ಅಭಿಪ್ರಾಯ. ಊವೆಲ್ ಕಂಪನಿಯ ಕ್ಯಾಲಿಬರ್ನ್ ಜಿ ಇದಕ್ಕೊಂದು ಉದಾಹರಣೆ: 690 ಮಿಲಿಆಂಪ್-ಗಂಟೆಯ ಬ್ಯಾಟರಿ, 0.8 ಓಮ್‌ನ ಕಾಯಿಲ್, ಗರಿಷ್ಠ 15 ವ್ಯಾಟ್. ವೇಪೊರೆಸ್ಸೋ ಕಂಪನಿಯ ಎಕ್ಸ್‌ರಾಸ್ ಸರಣಿ ಇನ್ನೊಂದು. ಅದರ ಅನುಕೂಲವೆಂದರೆ 0.6, 0.8, 1.0, 1.2 ಓಮ್‌ನ ಬೇರೆ ಬೇರೆ ಪಾಡ್‌ಗಳು ಒಂದೇ ಬ್ಯಾಟರಿಗೆ ಹೊಂದುತ್ತವೆ. ಕ್ಯಾಲಿಬರ್ನ್‌ನಂಥದ್ದರಲ್ಲಿ ಕಾಯಿಲನ್ನು ಮಾತ್ರ ಬದಲಿಸಿದರೆ ಸಾಕು, ಎಕ್ಸ್‌ರಾಸ್‌ನಂಥದ್ದರಲ್ಲಿ ಇಡೀ ಪಾಡನ್ನೇ ಬದಲಿಸಬೇಕು. ಮೊದಲನೆಯದು ತುಸು ಅಗ್ಗ, ಎರಡನೆಯದು ತುಸು ಸುಲಭ. ಸೋರುವ ತಂಟೆಯೂ ಎರಡನೆಯ ಬಗೆಯಲ್ಲಿ ಕಡಿಮೆಯೆಂದು ನನಗೆ ಕಂಡಿದೆ. ದಿನಕ್ಕೊಂದು ಪ್ಯಾಕೆಟ್ ಸೇದುತ್ತಿದ್ದವರು ಎಕ್ಸ್‌ರಾಸ್ ಕೊಂಡರೆ 1.0 ಅಥವಾ 1.2 ಓಮ್‌ನ ಪಾಡನ್ನೇ ಕೇಳಿ ಪಡೆಯಬೇಕು. ಎಳೆತ ಬಿಗಿಯಾಗಿ, ಸಿಗರೇಟಿನದೇ ನೆನಪು ತರುವಂತಿರುತ್ತದೆ.

ಮೂರನೆಯದು ದ್ರವದ ಟ್ಯಾಂಕ್ ಜೋಡಿಸಿದ ಪೆನ್ನಿನಾಕಾರದ ಸಾಧನ. ಆಸ್ಪೈರ್ ಕಂಪನಿಯ ಪಾಕೆಕ್ಸ್‌ನಲ್ಲಿ 1500 ಮಿಲಿಆಂಪ್-ಗಂಟೆಯ ಬ್ಯಾಟರಿ ಇದೆ, ಪಾಡ್‌ಗಿಂತ ಎರಡು ಪಟ್ಟು ಬಾಳುತ್ತದೆ. ರಾತ್ರಿ ಪಾಳಿಯಲ್ಲಿ ದುಡಿಯುವವರಿಗೆ, ದಿನವಿಡೀ ಗಾಡಿ ಓಡಿಸುವವರಿಗೆ ಇದು ಒಳ್ಳೆಯದು. ಆದರೆ ಅದರೊಡನೆ ಬರುವ 0.6 ಓಮ್‌ನ ಕಾಯಿಲ್ ಹೊಸಬರಿಗೆ ಬಿಸಿ; 1.2 ಓಮ್‌ನ ಕಾಯಿಲ್ ಬೇರೆಯಾಗಿ ಸಿಗುತ್ತದೆ, ಅದನ್ನು ಕೊಂಡು ಹಾಕಿಕೊಳ್ಳಬೇಕು. ಪೆಟ್ಟಿಗೆಯೊಳಗೆ ಇರುವುದೇ ಸರಿಯೆಂದು ನಂಬುವುದು ಬೇಡ.

ದೊಡ್ಡ ಪೆಟ್ಟಿಗೆಯಾಕಾರದ, 80 ವ್ಯಾಟ್, 200 ವ್ಯಾಟ್ ಎಂದು ಬರೆದಿರುವ ಸಾಧನಗಳು ಸಿಗರೇಟ್ ಬಿಡುವ ಕೆಲಸಕ್ಕಲ್ಲ, ಮೋಡ ಬಿಡುವ ಹವ್ಯಾಸಕ್ಕೆ. ಅವುಗಳ ಹಬೆಯನ್ನು ನೇರ ಶ್ವಾಸಕೋಶಕ್ಕೆ ಎಳೆಯಬೇಕು. ಸಿಗರೇಟ್ ಸೇದುವವನು ಮೊದಲು ಬಾಯಿ ತುಂಬ ಎಳೆದುಕೊಂಡು ಆಮೇಲೆ ಒಳಗೆ ಬಿಡುತ್ತಾನೆ, ಆ ಅಭ್ಯಾಸಕ್ಕೆ ಹೊಂದುವುದು 1 ಓಮ್‌ನ ಆಸುಪಾಸಿನ, 10ರಿಂದ 15 ವ್ಯಾಟ್‌ನ ಸಣ್ಣ ಸಾಧನಗಳೇ.

ಮಾದರಿ ಯಾವುದೇ ಇರಲಿ, ಕೊಳ್ಳುವಾಗ ಒಂದು ಅಳತೆಗೋಲು ಕೈಯಲ್ಲಿರಲಿ. ಬ್ರಿಟನ್ನಿನಲ್ಲಿ 2016ರಿಂದ ಜಾರಿಯಲ್ಲಿರುವ ನಿಯಮದಂತೆ ಟ್ಯಾಂಕಿನ ಅಳತೆ 2 ಮಿಲಿಲೀಟರ್, ನಿಕೋಟಿನ್ ಇರುವ ದ್ರವದ ಶೀಶೆ 10 ಮಿಲಿಲೀಟರ್, ನಿಕೋಟಿನ್ ಮಿಲಿಲೀಟರ್‌ಗೆ 20 ಮಿಲಿಗ್ರಾಂ ಮೀರಬಾರದು; ಮಾರುವ ಮುನ್ನ ಔಷಧ ನಿಯಂತ್ರಕ ಸಂಸ್ಥೆಯಾದ ಎಂಎಚ್‌ಆರ್‌ಎಗೆ ಆ ಉತ್ಪನ್ನದ ವಿವರ ಸಲ್ಲಿಸಿರಬೇಕು. ಶೇ. 5 ಎಂದು ಬರೆದ ದ್ರವ ಕಂಡರೆ ಅದು ಮಿಲಿಲೀಟರ್‌ಗೆ 50 ಮಿಲಿಗ್ರಾಂ ಎಂದರ್ಥ, ಇಲ್ಲಿನ ಕಾನೂನಿಗೆ ಹೊರಗಿನ ಮಾಲು. 2019-20ರಲ್ಲಿ ಅಮೆರಿಕದಲ್ಲಿ ಶ್ವಾಸಕೋಶದ ಗಾಯದಿಂದ 68 ಮಂದಿ ಸತ್ತ ಪ್ರಕರಣವನ್ನು ಓದಿ ಹೆದರಿದವರು ಅನೇಕರು. ಅದರಲ್ಲಿ ಮುಖ್ಯವಾಗಿ ಸಿಕ್ಕಿಬಿದ್ದದ್ದು ಗಾಂಜಾದ ಸಾರ ಬೆರೆಸಿದ ಕಳ್ಳಮಾಲಿನಲ್ಲಿದ್ದ ವಿಟಮಿನ್ ಇ ಅಸಿಟೇಟ್. ಗೊತ್ತಿಲ್ಲದವರಿಂದ ದ್ರವ ಕೊಳ್ಳಬೇಡಿ ಎನ್ನುವುದು ಇದಕ್ಕಾಗಿಯೇ.

ನಿಕೋಟಿನ್ ಎಷ್ಟಿರಬೇಕು

ಎಲ್ಲರೂ ಹಿಂಜರಿಯುವುದು ಇಲ್ಲಿ. ಬಿಡುವುದಕ್ಕೆಂದೇ ಬಂದವರು ನಿಕೋಟಿನ್ ಹೆಚ್ಚು ತೆಗೆದುಕೊಳ್ಳುವುದೇ ಎಂಬ ಅಳುಕಿನಿಂದ 3 ಅಥವಾ 6 ಮಿಲಿಗ್ರಾಂ ದ್ರವ ಕೊಳ್ಳುತ್ತಾರೆ, ಹಂಬಲ ತಣಿಯದೆ ಜೇಬಿನಲ್ಲಿ ಸಿಗರೇಟನ್ನೂ ಇಟ್ಟುಕೊಳ್ಳುತ್ತಾರೆ. ನಿಕೋಟಿನ್ ಚಟ ಹಿಡಿಸುವ ವಸ್ತು, ಆದರೆ ಧೂಮಪಾನದ ಕ್ಯಾನ್ಸರ್‌ಗೆ ಮುಖ್ಯ ಕಾರಣ ಹೊಗೆಯಲ್ಲಿರುವ ಇತರ ವಸ್ತುಗಳು. ಮೊದಲು ಹೊಗೆ ಹೋಗಲಿ, ನಿಕೋಟಿನ್ ಆಮೇಲೆ ನಿಧಾನವಾಗಿ ಹೋಗಲಿ.

ನಿಮ್ಮ ಚಟದ ಆಳವನ್ನು ಅಳೆಯಲು ದಿನದ ಸಿಗರೇಟುಗಳ ಎಣಿಕೆಗಿಂತಲೂ ನಂಬಲರ್ಹವಾದ ಪ್ರಶ್ನೆಯೊಂದಿದೆ: ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟ್ ಹಚ್ಚುತ್ತೀರಿ? ಅರ್ಧ ಗಂಟೆಯೊಳಗೆ ಎನ್ನುವವರು, ಅಥವಾ ದಿನಕ್ಕೆ ಇಪ್ಪತ್ತರ ಆಸುಪಾಸು ಸೇದುವವರು 18 ಅಥವಾ 20 ಮಿಲಿಗ್ರಾಂನಿಂದ ಆರಂಭಿಸಬೇಕು. ಹತ್ತರ ಆಸುಪಾಸಿನವರಿಗೆ 10ರಿಂದ 12 ಸಾಕು. ಅದಕ್ಕಿಂತ ಕಡಿಮೆಯವರಿಗೆ 6. ತಲೆ ತಿರುಗಿದರೆ, ಓಕರಿಕೆ ಬಂದರೆ, ಎದೆ ಹೊಡೆದುಕೊಂಡರೆ ಹೆಚ್ಚಾಗಿದೆ ಎಂದರ್ಥ: ಸಾಧನವನ್ನು ಕೆಳಗಿಟ್ಟು ಮುಂದಿನ ಶೀಶೆಯನ್ನು ಒಂದು ಮೆಟ್ಟಿಲು ಕಡಿಮೆಯದು ತನ್ನಿ. ಮಾಮೂಲಿ ನಿಕೋಟಿನ್ 18 ಮಿಲಿಗ್ರಾಂನಲ್ಲಿ ಗಂಟಲನ್ನು ಒರಟಾಗಿ ತಾಕುತ್ತದೆ. ನಿಕೋಟಿನ್ ಸಾಲ್ಟ್ ಎಂದು ಬರೆದಿರುವ ದ್ರವದಲ್ಲಿ ಬೆಂಜಾಯಿಕ್ ಆಮ್ಲದಂಥ ಆಮ್ಲ ಸೇರಿಸಿರುವುದರಿಂದ ಅದು ನಯವಾಗಿ ಇಳಿಯುತ್ತದೆ. ಗಂಟಲಿಗೆ ಸಿಗರೇಟಿನ ಏಟು ಬೇಕೆನ್ನುವವರು ಮೊದಲನೆಯದನ್ನು, ಕೆಮ್ಮುವವರು ಎರಡನೆಯದನ್ನು ಆರಿಸಬಹುದು. ಎರಡಕ್ಕೂ ಗ್ಲೈಕಾಲ್ ಮತ್ತು ಗ್ಲಿಸರಿನ್ ಸಮಪಾಲಿರುವ ದ್ರವವೇ ಸರಿ. ಗ್ಲಿಸರಿನ್ ಹೆಚ್ಚಿರುವ ಮಂದ ದ್ರವ ಸಣ್ಣ ಕಾಯಿಲ್‌ನ ಹತ್ತಿಗೆ ಬೇಗ ಏರುವುದಿಲ್ಲ, ಮತ್ತೆ ಅದೇ ಸೀದ ರುಚಿ. ಪರಿಮಳದ ವಿಷಯದಲ್ಲಿ ನಾನು ಏನೂ ಹೇಳಲಾರೆ. ಏಲಕ್ಕಿ ಪರಿಮಳದ ದ್ರವವೊಂದನ್ನು ಆಸೆಪಟ್ಟು ತಂದು ವಾರವಿಡೀ ಪಾಯಸದ ನೆನಪಿನಲ್ಲಿ ಕಳೆದೆ, ಅಷ್ಟೇ. ಬಹಳ ಸಿಹಿಯ ದ್ರವಗಳು ಕಾಯಿಲ್ ಮೇಲೆ ಕರಿ ಕಟ್ಟಿ ಅದನ್ನು ಬೇಗ ಕೆಡಿಸುತ್ತವೆ ಎಂಬುದು ಮಾತ್ರ ನಿಶ್ಚಿತ.

ಮೊದಲ ದಿನಗಳು

ಹೊಸ ಕಾಯಿಲ್ ಹಾಕಿ, ದ್ರವ ತುಂಬಿಸಿ, ಹತ್ತು ನಿಮಿಷ ಹಾಗೆಯೇ ಬಿಡಿ. ಹತ್ತಿ ಪೂರ್ತಿ ನೆನೆಯುವ ಮುನ್ನ ಎಳೆದರೆ ಕಾಯಿಲ್ ಮೊದಲ ದಮ್ಮಿಗೇ ಸೀದುಹೋಗುತ್ತದೆ, ಒಮ್ಮೆ ಸೀದದ್ದು ಸರಿಹೋಗುವುದಿಲ್ಲ. ದ್ರವ ಪೂರ್ತಿ ಮುಗಿಯುವವರೆಗೆ ಕಾಯದೆ ಕಾಲು ಭಾಗ ಇರುವಾಗಲೇ ಮತ್ತೆ ತುಂಬಿಸಿ. ಕಾಯಿಲ್ ಸಾಮಾನ್ಯವಾಗಿ ಒಂದೆರಡು ವಾರ ಬಾಳುತ್ತದೆ. ರುಚಿ ಮಂಕಾದರೆ ಬದಲಿಸಿ.

ಎಳೆಯುವ ರೀತಿ ಸಿಗರೇಟಿನದಲ್ಲ. ಸಿಗರೇಟನ್ನು ಚುಟುಕಾಗಿ, ಜೋರಾಗಿ ಎಳೆಯುತ್ತೇವೆ. ಇದನ್ನು ಮೂರು ನಾಲ್ಕು ಸೆಕೆಂಡು, ಬಿಸಿ ಕಾಫಿಯನ್ನು ಸೊರ್ ಎನಿಸದೆ ಹೀರುವಷ್ಟು ಮೆಲ್ಲಗೆ ಎಳೆಯಬೇಕು. ಜೋರಾಗಿ ಎಳೆದರೆ ದ್ರವವೇ ಬಾಯಿಗೆ ಬರುತ್ತದೆ. ಸಿಗರೇಟಿನ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳಿಗೇರುತ್ತದೆ. ಇದರದು ಸಾಮಾನ್ಯವಾಗಿ ತಡ. ಹಾಗಾಗಿ ಹಂಬಲ ಕೆರಳುವ ತನಕ ಕಾಯದೆ, ಹೊತ್ತು ಹೊತ್ತಿಗೆ ಎರಡು ಮೂರು ದಮ್ಮು ಎಳೆಯುತ್ತಿರಿ.

ಸಿಗರೇಟ್ ಮತ್ತು ಇ-ಸಿಗರೇಟ್ ಎರಡನ್ನೂ ತಿಂಗಳುಗಟ್ಟಲೆ ಜೊತೆಯಲ್ಲಿ ಸಾಗಿಸುವುದರಿಂದ ಲಾಭವಿಲ್ಲ. ಒಂದೆರಡು ವಾರದ ತಡವರಿಕೆ ಸಹಜ, ಅದರ ಮೇಲೆ ಒಂದು ದಿನ ಗೊತ್ತುಮಾಡಿ ಸಿಗರೇಟನ್ನು ಪೂರ್ತಿ ನಿಲ್ಲಿಸಬೇಕು. ಸ್ಥಳೀಯ ಧೂಮಪಾನ ನಿಲುಗಡೆ ಕೇಂದ್ರಕ್ಕೆ ಹೋದರೆ ಉಸಿರಿನಲ್ಲಿರುವ ಕಾರ್ಬನ್ ಮಾನಾಕ್ಸೈಡನ್ನು ಅಳೆಯುತ್ತಾರೆ. ಹೊಗೆ ನಿಂತ ಒಂದೆರಡು ದಿನದಲ್ಲಿಯೇ ಆ ಅಂಕಿ ಸೇದದವರ ಮಟ್ಟಕ್ಕೆ ಇಳಿಯುವುದನ್ನು ಕಣ್ಣಾರೆ ಕಂಡವರ ಹುಮ್ಮಸ್ಸು ಬೇರೆಯೇ. ಕೆಲವು ಕೇಂದ್ರಗಳು ಸಾಧನವನ್ನೇ ಉಚಿತವಾಗಿ ಕೊಡುತ್ತವೆ, ಕೊಳ್ಳುವ ಮುನ್ನ ವಿಚಾರಿಸಿ. ಇ-ಸಿಗರೇಟ್ ಒಗ್ಗದವರಿಗೆ ಪಟ್ಟಿ, ಗಮ್ ಅಲ್ಲದೆ ವರೆನಿಕ್ಲಿನ್, ಸೈಟಿಸಿನ್ ಮಾತ್ರೆಗಳೂ ಅಲ್ಲಿವೆ. ಗರ್ಭಿಣಿಯರು ಸೂಲಗಿತ್ತಿಯನ್ನೋ ವೈದ್ಯರನ್ನೋ ಕೇಳದೆ ತಾವೇ ನಿರ್ಧರಿಸಬಾರದು.

ಯಾರೂ ಹೇಳದ ಒಂದು ಸಂಗತಿ ಕಾಫಿಗೆ ಸಂಬಂಧಿಸಿದ್ದು. ಹೊಗೆಯಲ್ಲಿನ ಕೆಲವು ವಸ್ತುಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸಿ ಕೆಫೀನನ್ನು ಬೇಗ ಕರಗಿಸುತ್ತವೆ. ನಿಕೋಟಿನ್‌ಗೆ ಈ ಗುಣವಿಲ್ಲ. ಸಿಗರೇಟ್ ನಿಂತೊಡನೆ ಅದೇ ಮೂರು ಲೋಟ ಫಿಲ್ಟರ್ ಕಾಫಿ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಕೈ ನಡುಕ, ನಿದ್ದೆಗೇಡು, ಸಿಡುಕು ಕಂಡವರು ಅದನ್ನು ಇ-ಸಿಗರೇಟಿನ ದೋಷವೆಂದು ಬಗೆಯುತ್ತಾರೆ. ಲೋಟಗಳನ್ನು ಅರ್ಧಕ್ಕಿಳಿಸಿ ನೋಡಿ. ಕ್ಲೋಜಪಿನ್, ಒಲಾಂಜಪಿನ್, ಥಿಯೋಫಿಲಿನ್ ಮೊದಲಾದ ಔಷಧಗಳ ವಿಷಯದಲ್ಲಿ ಇದು ಲೋಟ ಇಳಿಸಿದಷ್ಟು ಹಗುರವಲ್ಲ. ಅವನ್ನು ತೆಗೆದುಕೊಳ್ಳುವವರು ಸಿಗರೇಟ್ ಬಿಡುವ ಮೊದಲೇ ವೈದ್ಯರಿಗೆ ತಿಳಿಸಿದರೆ ಅವರು ಪ್ರಮಾಣವನ್ನು ಮರುಹೊಂದಿಸುತ್ತಾರೆ.

ದ್ರವದ ಶೀಶೆಯನ್ನು ಮಕ್ಕಳಿಗೆ ಎಟುಕದಂತೆ ಇಡಿ, ಅದನ್ನು ಕುಡಿದರೆ ವಿಷ. ಸಾಧನದೊಡನೆ ಬಂದ ಕೇಬಲ್‌ನಲ್ಲಿಯೇ ಚಾರ್ಜ್ ಮಾಡಿ, ರಾತ್ರಿಯಿಡೀ ಹಾಸಿಗೆಯ ಬಳಿ ಬಿಡಬೇಡಿ, ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬೇಡಿ.

ಇಳಿಸುವುದು, ಊರಿಗೆ ಹೋಗುವುದು

ಎರಡು ಮೂರು ತಿಂಗಳು ಸಿಗರೇಟಿನ ನೆನಪೇ ಬಾರದೆ ಕಳೆದ ಮೇಲೆ 20ರಿಂದ 12ಕ್ಕೆ, ಅಲ್ಲಿಂದ 6ಕ್ಕೆ, 3ಕ್ಕೆ ಇಳಿಯಬಹುದು. ಇಳಿಸಿದಾಗ ಹೆಚ್ಚು ಹೊತ್ತು ಸೇದುವಂತಾದರೆ, ಅಥವಾ ವೋಲ್ಟ್ ಏರಿಸಿ ಸರಿದೂಗಿಸುವ ಮನಸ್ಸಾದರೆ, ಇನ್ನೂ ಸಮಯವಾಗಿಲ್ಲ ಎಂದು ತಿಳಿದು ಹಿಂದಿನ ಮೆಟ್ಟಿಲಿಗೆ ಮರಳಿ. ವೋಲ್ಟನ್ನು ಮಾತ್ರ ಏರಿಸಬೇಡಿ. 2026ರ ಅಕ್ಟೋಬರ್ 1ರಿಂದ 10 ಮಿಲಿಲೀಟರ್ ದ್ರವಕ್ಕೆ 2.20 ಪೌಂಡ್ ಸುಂಕ ವಿಧಿಸುವುದಾಗಿ ಬ್ರಿಟಿಷ್ ಸರ್ಕಾರ ಪ್ರಕಟಿಸಿದೆ. ಕಡಿಮೆ ದ್ರವ ಕುಡಿಯುವ ಸಣ್ಣ ಸಾಧನಕ್ಕೆ ಇದೂ ಒಂದು ಕಾರಣವಾದೀತು.

ಊರಿಗೆ ಹೋಗುವ ಮುನ್ನ ಸಾಧನವನ್ನೂ ದ್ರವವನ್ನೂ ಬ್ರಿಟನ್ನಿನ ಮನೆಯಲ್ಲಿಯೇ ಬಿಟ್ಟು ಹೋಗಿ. ಭಾರತದ ಕಾಯ್ದೆಯಲ್ಲಿ ಮೊದಲ ತಪ್ಪಿಗೇ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಸೂಟ್‌ಕೇಸಿನ ಮೂಲೆಯಲ್ಲಿ ಒಂದೇ ಒಂದು ಇದೆ ಎಂಬ ಸಮಜಾಯಿಷಿಯನ್ನು ನಂಬಿ ವಿಮಾನ ಹತ್ತಬೇಡಿ. ಹೊರಡುವ ಎರಡು ವಾರ ಮೊದಲೇ ಧೂಮಪಾನ ನಿಲುಗಡೆ ಕೇಂದ್ರದವರ ಜೊತೆ ಮಾತಾಡಿ, ಪ್ರವಾಸದ ದಿನಗಳಿಗೆ ಸಾಕಾಗುವಷ್ಟು ನಿಕೋಟಿನ್ ಪಟ್ಟಿ ಮತ್ತು ಗಮ್ ಪಡೆದು, ಇಲ್ಲಿಯೇ ಒಂದೆರಡು ದಿನ ಅದರಲ್ಲಿ ಕಳೆದು ನೋಡಿ. ಊರಿನ ಔಷಧದಂಗಡಿಗಳಲ್ಲಿಯೂ 2 ಮಿಲಿಗ್ರಾಂನ ಗಮ್ ವೈದ್ಯರ ಚೀಟಿಯಿಲ್ಲದೆ ಸಿಗುತ್ತದೆ. ಅದನ್ನು ಚೂಯಿಂಗ್ ಗಮ್‌ನಂತೆ ಜಗಿದು ನುಂಗದೆ, ಖಾರ ಬರುವವರೆಗೆ ಮೆಲ್ಲಗೆ ಜಗಿದು ಒಸಡು ಮತ್ತು ಕೆನ್ನೆಯ ನಡುವೆ ಒತ್ತರಿಸಿಡಬೇಕು, ಖಾರ ಕುಂದಿದಾಗ ಮತ್ತೆ ಜಗಿಯಬೇಕು. ತಂಬಾಕು ಬಿಡುವವರಿಗಾಗಿ 1800-11-2356 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿ ಇದೆ, ಅದರ ಪ್ರಾದೇಶಿಕ ಕೇಂದ್ರಗಳಲ್ಲೊಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ನೀವು ಬಿಟ್ಟ ಸುದ್ದಿ ಕೇಳಿ ತಾನೂ ಬಿಡುತ್ತೇನೆ ಎನ್ನುವ ಅಣ್ಣನಿಗೋ ಭಾವನಿಗೋ ನಿಮ್ಮ ಸಾಧನವನ್ನು ಉಡುಗೊರೆ ಕೊಡುವ ಬದಲು ಈ ಸಂಖ್ಯೆಯನ್ನು ಬರೆದು ಕೊಡಿ.